ಪಟ್ಟಿ ಎತ್ತಿ ಪಡೆದ ಕಾಲೇಜು

ಧಾರವಾಡದ ಕರ್ನಾಟಕ ಕಾಲೇಜು ಸರಕಾರ ತಾನಾಗಿ ಕೊಟ್ಟದ್ದಲ್ಲ. 1917ಕ್ಕೆ ಮುಂಚೆ ಮುಂಬಯಿ ಪ್ರಾಂತದ ಕನ್ನಡ ಹುಡುಗ ಮ್ಯಾಟ್ರಿಕ್ ಮುಗಿಸಿದರೆ ಮುಂದೆ ಪುಣೆ, ಇಲ್ಲವೇ ಮುಂಬಯಿ. ರೊಕ್ಕ ಇದ್ದವ ಹೋದ, ಇಲ್ಲದವ ಮನೇಲಿ ಕೂತ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂದಾಗಿ ಜನರಿಂದ ಪಟ್ಟಿ ಎತ್ತಿದರು. ಸರಕಾರ ಆಮೇಲೆ ಮಣಿಯಿತು. ರೈಲ್ವೆ ಕಂಪನಿ ಬಿಟ್ಟುಹೋದ ದೊಡ್ಡ ಕಚೇರಿ ಮುಂದೆ ಕಾಲೇಜಾಯಿತು. ಗುಮಾಸ್ತರು ಲೆಕ್ಕ ಬರೆದಲ್ಲಿ ವಿ.ಕೃ. ಗೋಕಾಕರಂಥವರು ಓದಿದರು!

ಈಗ ಪುಣೆಗೆ ಹೋಗಬೇಕಿಲ್ಲ, ನಿಜ. ಆದರೆ ಮುಂಜಾನೆ ಬಸ್ಸು ತುಂಬಿ ಬಂದು ನಿಲ್ಲದೇ ಹೋದರೆ ಹಳ್ಳಿ ಹುಡುಗಿಗೆ ಧಾರವಾಡವೂ ದೂರವೇ. ಅಜ್ಜಂದಿರು ಕಾಲೇಜನ್ನೇ ಕೇಳಿ ಪಡೆದರು. ಮೊಮ್ಮಕ್ಕಳಿಗೆ ಒಂದು ಬಸ್ಸು ಕೇಳಲು ಸಂಕೋಚವೇಕೆ? ಕಾಲೇಜು ವೇಳೆಗೆ ಹೆಚ್ಚು ಬಸ್ಸು ಬಿಡಿರೆಂಬ ಅರ್ಜಿಗೆ ಅಂಗಡಿಕಾರರೂ ಸಹಿ ಹಾಕಲಿ. ಸಂಜೆ ಪೆನ್ನು, ಚುರುಮುರಿ ಕೊಳ್ಳೋ ಗಿರಾಕಿಗಳು ಆ ಮಕ್ಕಳೇ ಅಲ್ಲವೇ?