ಸಾಕಷ್ಟು ಮೇವು, ತಕ್ಕ ಮೇವು

ಸಾಕಿದ ಪ್ರಾಣಿ ಬಡಕಲಾದರೆ ಒಡೆಯನಿಗೆ ಅಪಕೀರ್ತಿ. ಅದು ಮೈದುಂಬಿ ನಿಂತರೆ ಊರವರ ಮೆಚ್ಚುಗೆ. ಬರಗಾಲವನ್ನು ಕಂಡ ಗಡಿನಾಡಿನ ರೈತಕುಟುಂಬಗಳಲ್ಲಿ ಈ ಭಾವನೆ ತಲೆಮಾರುಗಳಿಂದ ಬೇರೂರಿದೆ, ಅದು ಸಹಜವೂ ಹೌದು. ಆದರೆ ಇಂಗ್ಲೆಂಡಿನಲ್ಲಿ ಪೋನಿ ಎಂಬ ಗಿಡ್ಡ ತಳಿಯ ಕುದುರೆಯನ್ನು ಸಾಕುವ ಕುಟುಂಬಗಳಿಗೆ ಪ್ರತಿವರ್ಷ ಚಳಿಗಾಲದಲ್ಲಿ ಇದಕ್ಕೆ ತೀರ ವಿರುದ್ಧವಾದ ಚಿಂತೆಯೊಂದು ಎದುರಾಗುತ್ತದೆ. ವಸಂತದ ಹುಲ್ಲು ಚಿಗುರುವ ಮೊದಲು ಪೋನಿಯ ಮೈಯನ್ನು ಇಳಿಸುವುದು ಹೇಗೆ ಎಂಬುದೇ ಆ ಚಿಂತೆ.

ಎಕ್ಸ್‌ಮೂರ್, ಡಾರ್ಟ್‌ಮೂರ್, ವೆಲ್ಷ್, ಷೆಟ್‌ಲೆಂಡ್ ಮೊದಲಾದ ಬ್ರಿಟನ್ನಿನ ಪೋನಿ ತಳಿಗಳು ರೂಪುಗೊಂಡದ್ದು ಗಾಳಿಮಳೆಯ ಬಂಜರು ಗುಡ್ಡಗಳಲ್ಲಿ ಮತ್ತು ದ್ವೀಪಗಳಲ್ಲಿ. ಷೆಟ್‌ಲೆಂಡ್ ತಳಿಯ ಪೋನಿಯ ಎತ್ತರ 107 ಸೆಂಟಿಮೀಟರನ್ನು ಮೀರುವುದಿಲ್ಲ. ಬೇಸಿಗೆಯಲ್ಲಿ ಸಿಕ್ಕ ಹುಲ್ಲನ್ನೆಲ್ಲ ಕೊಬ್ಬಾಗಿ ಕೂಡಿಟ್ಟುಕೊಂಡು, ಚಳಿಗಾಲದಲ್ಲಿ ಒಣಗಿದ ಹುಲ್ಲನ್ನೂ ಮುಳ್ಳುಪೊದೆಗಳ ಚಿಗುರನ್ನೂ ತಿಂದು, ಆ ಕೊಬ್ಬನ್ನು ಕರಗಿಸುತ್ತ ಬದುಕುಳಿಯುವುದು ಇವುಗಳ ದೇಹಧರ್ಮ. ಸುಗ್ಗಿಯಲ್ಲಿ ಹಗೇವು ತುಂಬಿ, ಮುಂದಿನ ಸುಗ್ಗಿ ಬರುವಷ್ಟರಲ್ಲಿ ಅದು ಬರಿದಾಗುವಂತೆ, ಈ ಪ್ರಾಣಿಯ ಮೈಯೂ ವರ್ಷಕ್ಕೊಮ್ಮೆ ತುಂಬಿ ವರ್ಷಕ್ಕೊಮ್ಮೆ ಇಳಿಯಬೇಕು.

ಮನೆಯ ಹಿತ್ತಿಲಿಗೆ ಬಂದ ಪೋನಿಗೆ ಈ ಏರಿಳಿತ ತಪ್ಪಿಹೋಗುತ್ತದೆ. ಹೈನುಗಾರಿಕೆಗೆಂದು ಬೆಳೆಸಿದ ಸಮೃದ್ಧ ಹುಲ್ಲುಗಾವಲು, ಬೆಚ್ಚನೆಯ ಲಾಯ, ಮೈಮೇಲೆ ದಪ್ಪ ಹೊದಿಕೆ, ಸಂಜೆಗೊಂದು ಬಕೆಟ್ ಧಾನ್ಯ ಎಲ್ಲವೂ ಅದಕ್ಕೆ ದೊರೆಯುತ್ತವೆ. ಅಲ್ಪ ಮೇವಿನಲ್ಲೇ ಮೈದುಂಬುವ ತಳಿಗೆ ಇಷ್ಟು ಉಪಚಾರ ನಡೆದರೆ ಹಗೇವು ಬರಿದಾಗುವುದೇ ಇಲ್ಲ. ಹಳೆಯ ಕೊಬ್ಬಿನ ಮೇಲೆ ಹೊಸ ಕೊಬ್ಬು ಸೇರುತ್ತ ಹೋಗುತ್ತದೆ.

ಇದರ ಫಲವನ್ನು ಅನುಭವಿಸುವುದು ಪೋನಿಯ ಕಾಲು. ಗೊರಸಿನ ಹೊರಕವಚ ಮನುಷ್ಯನ ಉಗುರಿನಂಥದು. ಅದರೊಳಗೆ ಪಾದದ ಎಲುಬು ನೂರಾರು ಸೂಕ್ಷ್ಮ ಪದರಗಳ ಹೆಣಿಗೆಯಿಂದ ಕವಚಕ್ಕೆ ಅಂಟಿಕೊಂಡು, ಅದಕ್ಕೆ ತೂಗುಬಿದ್ದಂತೆ ನಿಂತಿರುತ್ತದೆ. ಮಧುಮೇಹದ ಪರಿಚಯವಿರುವ ಮನೆಗಳಲ್ಲಿ ಇನ್ಸುಲಿನ್ ಎಂಬ ಹೆಸರು ಹೊಸದಲ್ಲ. ಅತಿಯಾಗಿ ಕೊಬ್ಬಿದ ಪೋನಿಯ ದೇಹ ಸಕ್ಕರೆಯುಳ್ಳ ಮೇವನ್ನು ತಿಂದಾಗ ಅಳತೆಮೀರಿ ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಅದು ಏರಿದಂತೆ ಈ ಪದರಗಳ ಹಿಡಿತ ಸಡಿಲುತ್ತದೆ. ಲ್ಯಾಮಿನೈಟಿಸ್ ಎಂಬ ಈ ರೋಗ ತಗುಲಿದ ಪೋನಿ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ, ಹೆಜ್ಜೆ ಕೀಳಲಾರದೆ ನಿಲ್ಲುತ್ತದೆ. ರೋಗ ಮುಂದುವರಿದರೆ ಎಲುಬು ವಾಲಿ ಗೊರಸಿನ ಅಡಿಯತ್ತ ಇಳಿಯುತ್ತದೆ. ಆ ಹಂತದಲ್ಲಿ ಎಷ್ಟೋ ಪೋನಿಗಳಿಗೆ ಪಶುವೈದ್ಯರು ದಯಾಮರಣ ನೀಡಬೇಕಾಗುತ್ತದೆ.

ಮಣ್ಣಿನ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಅಲ್ಲಿನ ಹುಲ್ಲು ಚಿಗುರತೊಡಗುತ್ತದೆ. ರಾತ್ರಿ ಕೊರೆಯುವ ಚಳಿ, ಬೆಳಿಗ್ಗೆ ಹೊಳೆಯುವ ಬಿಸಿಲು ಇರುವ ವಸಂತದ ದಿನಗಳಲ್ಲಿ ಹುಲ್ಲು ಬಿಸಿಲಿನಿಂದ ಸಕ್ಕರೆಯನ್ನು ತಯಾರಿಸುತ್ತದೆ. ಚಳಿಯಿಂದಾಗಿ ಬೆಳವಣಿಗೆಗೆ ಅದನ್ನು ವೆಚ್ಚಮಾಡಲಾರದೆ ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಕೊಬ್ಬಿದ ಮೈಯೊಡನೆ ಈ ಹುಲ್ಲಿಗೆ ಬಾಯಿಹಾಕಿದ ಪೋನಿ ಅಪಾಯದ ಅಂಚಿನಲ್ಲಿರುತ್ತದೆ. ಹುಲ್ಲು ಮೇಲೆದ್ದ ಬಳಿಕ ತೂಕ ಇಳಿಸಹೊರಡುವುದು ನೆರೆ ಬಂದ ಮೇಲೆ ಒಡ್ಡು ಕಟ್ಟಿದಂತೆ. ಚಳಿ ತಾನೇ ಕೊಬ್ಬನ್ನು ಕರಗಿಸಲು ನೆರವಾಗುವ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳೇ ಇದಕ್ಕೆ ತಕ್ಕ ಕಾಲ.

ಮೊದಲು ಆಗಬೇಕಾದದ್ದು ಅಳತೆ. ಚಳಿಗಾಲದ ದಟ್ಟ ಕೂದಲು ಕಣ್ಣನ್ನು ವಂಚಿಸುವುದರಿಂದ ಕೈಯಿಂದ ಮುಟ್ಟಿಯೇ ನೋಡಬೇಕು. ಅಮೆರಿಕದ ಹೆನೆಕ್ ಎಂಬ ತಜ್ಞರು 1983ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಕುದುರೆಯ ಕತ್ತು, ಹೆಗಲು, ಪಕ್ಕೆಲುಬು, ಸೊಂಟ, ಬಾಲದ ಬುಡ ಮುಂತಾದ ಭಾಗಗಳನ್ನು ಪರೀಕ್ಷಿಸಿ 1ರಿಂದ 9ರವರೆಗೆ ಅಂಕ ನೀಡಲಾಗುತ್ತದೆ. 1 ಎಂದರೆ ಎಲುಬಿನ ಹಂದರ, 9 ಎಂದರೆ ಅತಿಸ್ಥೂಲ ಶರೀರ, 5 ಎಂದರೆ ಹದವಾದ ಮೈ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಬೆರಳಾಡಿಸಿದೊಡನೆ ಸಿಗಬೇಕು. ಅಯಾಲಿನ ಕೆಳಗೆ ಕತ್ತು ಗಟ್ಟಿಯಾಗಿ ಉಬ್ಬಿದ್ದರೆ ಅದು ಎಚ್ಚರಿಕೆಯ ಗಂಟೆ.

ತೂಕದ ಲೆಕ್ಕ ಎಂಟನೆಯ ತರಗತಿಯ ವಿದ್ಯಾರ್ಥಿಗೂ ಸಾಧ್ಯವಾದದ್ದು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರ ವರ್ಗವನ್ನು ಕಂಡುಹಿಡಿಯಬೇಕು. ಅದನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ಕಿಲೋಗ್ರಾಂಗಳಲ್ಲಿ ಅಂದಾಜು ತೂಕ ದೊರೆಯುತ್ತದೆ. ಸುತ್ತಳತೆ 145, ಉದ್ದ 135 ಇರುವ ಪೋನಿಯ ತೂಕ ಹೀಗೆ ಸುಮಾರು 239 ಕಿಲೋ. ಪ್ರತಿವಾರವೂ ಅದೇ ದಿನ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ವ್ಯಕ್ತಿ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಅಳತೆ ತುಸು ತಪ್ಪಿದರೂ ವಾರವಾರದ ಸಾಲು ಸತ್ಯವನ್ನು ನುಡಿಯುತ್ತದೆ.

ಇನ್ನು ಮೇವಿನ ಮಾತು. ತೂಕ ಇಳಿಸಬೇಕಾದ ಪೋನಿಗೆ ದಿನಕ್ಕೆ ದೇಹತೂಕದ ಶೇ. 1.5ರಷ್ಟು ಒಣಪದಾರ್ಥ ಬೇಕೆಂಬುದು ವಾಡಿಕೆಯ ಪ್ರಮಾಣ. ಮೇಲಿನ ಪೋನಿಗೆ ಅದು ಸುಮಾರು 3.6 ಕಿಲೋ, ಒಣಹುಲ್ಲಿನಲ್ಲೂ ತುಸು ನೀರಿನಂಶ ಇರುವುದರಿಂದ ತಕ್ಕಡಿಯಲ್ಲಿ ಸುಮಾರು 4 ಕಿಲೋ ಹುಲ್ಲು. ಧಾನ್ಯದ ಬಕೆಟ್ಟು ಮೊದಲು ನಿಲ್ಲಬೇಕು. ಅದರ ಬದಲು ಖನಿಜ ಹಾಗೂ ಜೀವಸತ್ವಗಳ ಚಿಕ್ಕ ಪ್ರಮಾಣದ ಪೂರಕ ಸಾಕು. ತೂಗಿದ ಹುಲ್ಲನ್ನು ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದಂಶ ಕರಗಿಹೋಗುತ್ತದೆ. ಹಲ್ಲು ಗಟ್ಟಿಯಿರುವ ಪೋನಿಗೆ ಹುಲ್ಲಿನ ಒಂದು ಭಾಗದ ಬದಲು ಓಟ್ಸ್ ಅಥವಾ ಬಾರ್ಲಿಯ ಹೊಟ್ಟನ್ನು ಕ್ರಮೇಣ ರೂಢಿಸಬಹುದು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕಿದರೆ ಅಷ್ಟೇ ಮೇವು ಹೆಚ್ಚು ಹೊತ್ತು ಬಾಳುತ್ತದೆ.

ಆದರೆ ಉಪವಾಸ ಕೆಡವುವುದು ಪರಿಹಾರವಾಗಲಾರದು. ಕುದುರೆಯ ಜಠರದಲ್ಲಿ ಆಮ್ಲ ಎಡೆಬಿಡದೆ ಸ್ರವಿಸುತ್ತಿರುತ್ತದೆ; ಬಹಳ ಹೊತ್ತು ಬರಿಹೊಟ್ಟೆಯಲ್ಲಿ ಬಿಟ್ಟರೆ ಹುಣ್ಣಾಗುತ್ತದೆ. ಕೊಬ್ಬಿದ ಪೋನಿಯ ಮೇವನ್ನು ಒಮ್ಮೆಲೇ ಕಡಿದರೆ ಮೈಯ ಕೊಬ್ಬು ರಕ್ತಕ್ಕೆ ನುಗ್ಗಿ ಯಕೃತ್ತನ್ನು ಕೆಡಿಸುತ್ತದೆ, ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ವಾರಕ್ಕೆ ದೇಹತೂಕದ ಶೇ. 1ನ್ನು ಮೀರದ ನಿಧಾನವಾದ ಇಳಿಕೆಯೇ ಕ್ಷೇಮ, ಅದೂ ಪಶುವೈದ್ಯರ ಸಲಹೆಯೊಡನೆ.

ಆರೋಗ್ಯವಾಗಿರುವ, ದಟ್ಟ ಕೂದಲಿನ ಪೋನಿಗೆ ಹೊದಿಕೆ ಬೇಕಿಲ್ಲ; ಮೈ ಬೆಚ್ಚಗಿಡಲು ಅದು ತನ್ನ ಕೊಬ್ಬನ್ನೇ ಉರಿಸಲಿ. ಕಾಲುನೋವಿಲ್ಲದಿದ್ದರೆ ದಿನವೂ ಚುರುಕಾದ ನಡಿಗೆ ಬೇಕು. ವಸಂತ ಬಂದ ಮೇಲೆ ಎಡೆ ಹೊಡೆಯುವಾಗ ಎತ್ತಿಗೆ ತೊಡಿಸುವ ಬಾಯಿಕುಕ್ಕೆಯಂಥದೇ ಒಂದನ್ನು ಅಲ್ಲಿನವರೂ ಬಳಸುತ್ತಾರೆ. ಅದರ ತಳದಲ್ಲಿ ಒಂದು ರಂಧ್ರವಿದ್ದು, ಪೋನಿ ಹೊಲದಲ್ಲಿ ಜೊತೆಗಾರರೊಡನೆ ತಿರುಗಾಡುತ್ತ, ನೀರು ಕುಡಿಯುತ್ತ, ತುಸು ತುಸುವಾಗಿಯಷ್ಟೇ ಮೇಯಲು ಸಾಧ್ಯವಾಗುತ್ತದೆ.

ಇಷ್ಟೆಲ್ಲ ಒಡೆಯನ ಇಷ್ಟಾನಿಷ್ಟಕ್ಕೆ ಬಿಟ್ಟ ಸಂಗತಿ ಎಂದು ತೋರಬಹುದು. ಕಾನೂನು ಹಾಗೆ ತಿಳಿಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜಾರಿಯಲ್ಲಿರುವ 2006ರ ಪ್ರಾಣಿಕಲ್ಯಾಣ ಕಾಯಿದೆಯ 9ನೆಯ ಕಲಮು, ಪ್ರಾಣಿಯ ಹೊಣೆ ಹೊತ್ತವನು ಅದರ ಅಗತ್ಯಗಳನ್ನು ಪೂರೈಸಬೇಕೆಂದು ವಿಧಿಸುವಾಗ ಆಹಾರದ ವಿಷಯದಲ್ಲಿ ಬಳಸಿರುವ ವಿಶೇಷಣ ‘ತಕ್ಕ’ ಎಂಬ ಅರ್ಥದ್ದು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ, ‘ಸಾಕಷ್ಟು’ ಆಹಾರ, ನೀರು, ಆಸರೆ ಒದಗಿಸದ ಮಾಲೀಕನು ಅಪರಾಧಿ. ಹಸಿವೆಯೇ ದೊಡ್ಡ ಶತ್ರುವಾಗಿದ್ದ ದೇಶದಲ್ಲಿ ಆ ಮಾತು ಯುಕ್ತವೇ. ಅದೇ ಕಾಯಿದೆಯ 3ನೆಯ ಕಲಮು ಇನ್ನಷ್ಟು ವಿಶಾಲವಾಗಿದ್ದು, ಪ್ರಾಣಿಯ ಕ್ಷೇಮಕ್ಕಾಗಿ ಸಮಂಜಸವಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳುವುದು ಅದನ್ನು ನೋಡಿಕೊಳ್ಳುವವನ ಕರ್ತವ್ಯವೆಂದು ಸಾರುತ್ತದೆ.

‘ಸಾಕಷ್ಟು’ ಮತ್ತು ‘ತಕ್ಕ’ ಎಂಬ ಎರಡು ಶಬ್ದಗಳ ನಡುವಿನ ಅಂತರದಲ್ಲಿಯೇ ಈ ಪೋನಿಯ ಬದುಕು ನಿಂತಿದೆ. ಸಾಕಷ್ಟು ಮೇವು ಹಾಕಲು ಪ್ರೀತಿಯೊಂದಿದ್ದರೆ ಆದೀತು. ತಕ್ಕ ಮೇವು ಹಾಕಬೇಕಾದರೆ ಆ ಪ್ರಾಣಿ ಯಾವ ನೆಲದ್ದು, ಅದರ ಮೈ ಯಾವ ಋತುವಿಗೆ ಏನು ಬಯಸುತ್ತದೆ ಎಂಬ ತಿಳಿವೂ ಬೇಕು, ಬೇಲಿಯಾಚೆಯಿಂದ ಕತ್ತು ಚಾಚಿ ನೋಡುವ ಕಣ್ಣುಗಳಿಗೆ ಸೋಲದ ಮನೋಬಲವೂ ಬೇಕು. ಶಾಲೆಯಿಂದ ಮರಳುವ ಮಗು ದಿನವೂ ಒಂದು ಬಕೆಟ್ ಧಾನ್ಯದ ಬದಲು ಅರ್ಧ ಗಂಟೆ ಪೋನಿಯ ಮೈ ಉಜ್ಜುವುದನ್ನು ರೂಢಿಸಿಕೊಂಡರೆ ಅದರ ಅಕ್ಕರೆಗೇನೂ ಕೊರತೆಯಾಗದು. ಏಪ್ರಿಲಿನಲ್ಲಿ ಹುಲ್ಲು ಹಸಿರಾದಾಗ ಆ ಪೋನಿ ನಾಲ್ಕು ಕಾಲಿನ ಮೇಲೂ ಸಮನಾಗಿ ಭಾರ ಹಾಕಿ ನಿಂತಿರುವುದನ್ನು ಕಂಡರೆ, ಚಳಿಗಾಲವಿಡೀ ತಕ್ಕಡಿ ಹಿಡಿದು ಮೇವು ತೂಗಿದವರ ಶ್ರಮ ಸಾರ್ಥಕವಾದಂತೆ.