ರೋಬೋಟಿನ ಮಂಡಿ ಯಾರ ಮಂಡಿಗಿಂತ ಮೇಲು?

ಈ ವಾರ ನಮ್ಮ ರಿಂಗ್ ರೋಡಿನಲ್ಲಿ ಹೊಸ ಫ್ಲೆಕ್ಸ್ ಎದ್ದಿದೆ. ಕೈಕಟ್ಟಿ ನಿಂತ ಡಾಕ್ಟರು, ಪಕ್ಕದಲ್ಲಿ ಕ್ರೇನಿನ ಮರಿಯಂಥ ಯಂತ್ರ, ಕೆಳಗೆ ‘ರೋಬೋಟಿಕ್ ಮಂಡಿ ಬದಲಾವಣೆ: ಹೆಚ್ಚು ನಿಖರ, ಹೆಚ್ಚು ಸುರಕ್ಷಿತ, ಬೇಗ ಚೇತರಿಕೆ’. ಹೆಚ್ಚು ಅಂದರೆ ಯಾವುದಕ್ಕಿಂತ? ಬೇಗ ಅಂದರೆ ಯಾರಿಗಿಂತ? ಅಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೇನೋ.

ಆ ಫ್ಲೆಕ್ಸಿನ ಉಪದ್ರವ ಮನೆಯೊಳಕ್ಕೂ ಬಂತು. ನನ್ನ ಸೋದರತ್ತೆಯ ಎರಡೂ ಮಂಡಿ ಸವೆದಿವೆ, ಆಪರೇಷನ್ ಆಗಲೇಬೇಕು, ತಕರಾರಿಲ್ಲ. ಆದರೆ ಅವರಿಗೆ ರೋಬೋಟೇ ಬೇಕು. ‘ಪಕ್ಕದ ಮನೆಯವಳು ಅದರಲ್ಲೇ ಮಾಡಿಸಿದ್ದು ಕಣೋ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದಳು.’ ‘ಅತ್ತೆ, ಅಣ್ಣನ ಮಾವ ರೋಬೋಟಿಲ್ಲದೆ ಮಾಡಿಸಿಕೊಂಡು ಅವರೂ ಹತ್ತಿದರಲ್ಲ’ ಅಂದೆ. ‘ಅವರದು ಬಿಡು, ಗಟ್ಟಿ ಜೀವ.’ ಅಲ್ಲಿಗೆ ಮುಗಿಯಿತು. ರೋಬೋಟಿನ ಮಂಡಿ ಬೆಟ್ಟ ಹತ್ತಿದರೆ ರೋಬೋಟಿನ ಹೆಚ್ಚುಗಾರಿಕೆ, ಬೇರೆ ಮಂಡಿ ಹತ್ತಿದರೆ ಗಟ್ಟಿ ಜೀವ. ಆಸ್ಪತ್ರೆಯ ಕೌನ್ಸೆಲರ್ ಹುಡುಗಿಯ ಹತ್ತಿರವೂ ಕೇಳಿದೆ: ‘ಇದು ಮಾಮೂಲಿ ಆಪರೇಷನ್ನಿಗಿಂತ ಒಳ್ಳೆಯದು ಅಂತ ಹೇಗಮ್ಮ ಗೊತ್ತು?’ ‘ಸಾರ್, ನಮಗೆ ಗೂಗಲ್‌ನಲ್ಲಿ 4.8 ರೇಟಿಂಗ್ ಇದೆ’ ಅಂದಳು.

ಮಂಡಿಯ ವಿಷಯದಲ್ಲಿ ಯಾರ ಅನುಭವವನ್ನೂ ಯಾಕೆ ಪೂರ್ತಿ ನಂಬಬಾರದು ಎಂಬುದನ್ನು ಅಮೆರಿಕದ ಹೂಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಸವೆದ ಮಂಡಿಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ತೂರಿಸಿ, ಒಳಗೆ ತೊಳೆದು ಕೆರೆದು ಸರಿಮಾಡುವ ಆಪರೇಷನ್ ಆಗ ಜೋರಾಗಿ ನಡೆಯುತ್ತಿತ್ತು. ಬ್ರೂಸ್ ಮೋಸ್ಲಿ ಎಂಬ ಸರ್ಜನ್ 180 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದು ತೊಳೆಯುವುದು, ಒಂದಕ್ಕೆ ಬರೀ ತೊಳೆಯುವುದು, ಇನ್ನೊಂದಕ್ಕೆ ಏನೂ ಇಲ್ಲ. ಏನೂ ಇಲ್ಲ ಅಂದರೂ ನಾಟಕ ಪೂರ್ತಿ. ಯಾರಿಗೆ ಏನು ಎಂಬ ಲಕೋಟೆ ಒಡೆಯುವುದೇ ಥಿಯೇಟರಿನೊಳಗೆ. ಚರ್ಮದ ಮೇಲೆ ಮೂರು ಗಾಯ ಮಾಡಿ, ಉಪಕರಣಗಳನ್ನು ಒಂದೊಂದಾಗಿ ಕೇಳಿ ಪಡೆದು, ಕಾಲನ್ನು ಆಚೀಚೆ ಆಡಿಸಿ, ತೊಳೆಯುವ ಸದ್ದು ಬರಲೆಂದು ಸಲೈನ್ ನೀರನ್ನು ಚೆಲ್ಲಾಡುತ್ತಿದ್ದರು. ಆ ರಾತ್ರಿ ಈ ಗುಂಪಿನ ರೋಗಿಗಳೂ ಉಳಿದವರಂತೆ ವಾರ್ಡಿನಲ್ಲೇ ಮಲಗಬೇಕು. ಎರಡು ವರ್ಷ ಬೆನ್ನುಹತ್ತಿ ನೋಡಿದರು. ನೋವಿನಲ್ಲಾಗಲಿ ಓಡಾಟದಲ್ಲಾಗಲಿ, ನಿಜವಾದ ಆಪರೇಷನ್ ಆದವರು ಸುಳ್ಳು ಆಪರೇಷನ್ ಆದವರಿಗಿಂತ ಮೇಲಿರಲಿಲ್ಲ. 2002ರಲ್ಲಿ ಇದು ಪ್ರಕಟವಾದಾಗ ಮೂಳೆ ಡಾಕ್ಟರುಗಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ನಮ್ಮ ರೋಗಿಗಳು ಖುಷಿಯಾಗಿದ್ದಾರಲ್ಲ’ ಎಂಬುದು ಅವರ ವಾದ. ಖುಷಿಯಾಗಿಯೇ ಇದ್ದರು, ನೀರು ಚೆಲ್ಲಾಡಿಸಿಕೊಂಡವರೂ.

ಹೋಲಿಕೆಗೆ ಇನ್ನೊಂದು ಗುಂಪು ಬೇಕು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿಯೇ ತೀರ್ಮಾನಿಸಬೇಕು ಎಂದರೆ ‘ಅದೆಲ್ಲ ಫಾರಿನ್ನಿನಲ್ಲಿ’ ಎನ್ನುವವರಿದ್ದಾರೆ. ಅವರಿಗೆ ನಾನು ಮದ್ರಾಸಿನ ಕಥೆ ಹೇಳದೆ ಬಿಡುವವನಲ್ಲ, ಹಳೆಯ ಓದುಗರು ಸಹಿಸಿಕೊಳ್ಳಬೇಕು. ಕ್ಷಯ ಬಂತೆಂದರೆ ಸ್ಯಾನಿಟೋರಿಯಂ, ಒಳ್ಳೆ ಗಾಳಿ, ಮೊಟ್ಟೆ-ಹಾಲು, ತಿಂಗಳುಗಟ್ಟಲೆ ಹಾಸಿಗೆ ಎಂದು ಜಗತ್ತೇ ನಂಬಿದ್ದ ಕಾಲ. ನಮ್ಮ ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂ ಅದೇ ನಂಬಿಕೆಯ ಕೂಸು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸೆಯ ಕೇಂದ್ರದವರು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ, ಕೆಲವರನ್ನು ಅವರವರ ಇಕ್ಕಟ್ಟಿನ ಮನೆಗೇ, ಚೀಟಿ ಎತ್ತಿದಂತೆ ಹಂಚಿದರು. ಮಾತ್ರೆ ಇಬ್ಬರಿಗೂ ಒಂದೇ. ಮನೆಯಲ್ಲಿದ್ದವರಿಗೆ ಊಟ ಕಮ್ಮಿ, ದುಡಿಮೆ ಹೆಚ್ಚು. ವರ್ಷದ ಕೊನೆಗೆ ನೋಡಿದರೆ ಗುಣವಾದ ಲೆಕ್ಕ ಹೆಚ್ಚೂಕಡಿಮೆ ಸಮ. ಮನೆಯವರಿಗೆ ರೋಗ ಹೆಚ್ಚು ಅಂಟಲೂ ಇಲ್ಲ. 1959ರಲ್ಲಿ ವರದಿ ಬಂತು, ಆಮೇಲೆ ಲೋಕದ ಸ್ಯಾನಿಟೋರಿಯಂಗಳು ಒಂದೊಂದಾಗಿ ಖಾಲಿಯಾದವು. ಅಂಥದ್ದನ್ನು ಮಾಡಿ ತೋರಿಸಿದ ದೇಶದಲ್ಲಿ ಈಗ ಗೂಗಲ್ ರೇಟಿಂಗು.

ಚೀಟಿ ಯಾಕೆ ಬೇಕು ಅನ್ನುವುದಕ್ಕೆ ನಮ್ಮತ್ತೆಯ ನೆರೆಮನೆಯೇ ಸಾಕು. ರೋಬೋಟಿಗೆ ದುಡ್ಡು ಕಟ್ಟಬಲ್ಲವರು ಫಿಸಿಯೋಥೆರಪಿಯವರನ್ನು ಮನೆಗೇ ಕರೆಸುತ್ತಾರೆ, ಮನೆಗೆಲಸಕ್ಕೆ ಆಳಿಡುತ್ತಾರೆ, ತೂಕ ಇಳಿಸುತ್ತಾರೆ. ಬೆಟ್ಟ ಹತ್ತಿಸಿದ್ದು ಇದರಲ್ಲಿ ಯಾವುದು?

ರೋಬೋಟು ಮೂಳೆಯನ್ನು ಕರಾರುವಾಕ್ಕಾಗಿ ಕೊಯ್ಯುತ್ತದೆ, ಎಕ್ಸ್‌ರೇಯಲ್ಲಿ ಚೆಂದ ಕಾಣುತ್ತದೆ, ಒಪ್ಪಿದೆ. ಎಕ್ಸ್‌ರೇ ಮೆಟ್ಟಿಲು ಹತ್ತುವುದಿಲ್ಲ. ಕೊರಿಯಾದಲ್ಲಿ ರೋಬೋಟಿನ ಮಂಡಿ ಮತ್ತು ಮಾಮೂಲಿ ಮಂಡಿಗಳನ್ನು ಇದೇ ರೀತಿ ಹಂಚಿ, ಹತ್ತು ವರ್ಷಕ್ಕೂ ಮೇಲೆ ಕಾದು ನೋಡಿ, 2020ರಲ್ಲಿ ವರದಿ ಕೊಟ್ಟರು. ನೋವು, ಓಡಾಟ, ಕೀಲು ಸಡಿಲವಾಗುವುದು, ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ‘ಅದು ಹಳೇ ಮಾಡೆಲ್ ಸಾರ್’ ಎನ್ನುತ್ತಾರೆ. ಹೊಸ ಮಾಡೆಲ್ಲಿನ ಹತ್ತು ವರ್ಷದ ಲೆಕ್ಕ ಬರುವ ಹೊತ್ತಿಗೆ ಅದೂ ಹಳೇ ಮಾಡೆಲ್ಲೇ ಆಗಿರುತ್ತದೆ.

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿನ ಬೆಲೆಗೆ ಮಿತಿ ಹಾಕಿತಲ್ಲ, ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ ಅಂತ? ಅಲ್ಲಿ ಹೋದ ದುಡ್ಡು ಬಿಲ್ಲಿನ ಬೇರೆ ಸಾಲುಗಳಲ್ಲಿ ವಾಪಸ್ ಬರುತ್ತಿದೆ ಎಂಬ ಗುಮಾನಿ ನನ್ನದು. ‘ರೋಬೋಟ್ ಚಾರ್ಜ್’ ಎಂಬ ಸಾಲು ಓದಿದಾಗಲೆಲ್ಲ ಅದು ಬಲವಾಗುತ್ತದೆ.

ಹೂಸ್ಟನ್ನಿನಲ್ಲಿ ರೋಗಿಗಳಿಂದ ಮೊದಲೇ ಬರೆಸಿಕೊಳ್ಳುತ್ತಿದ್ದರು: ನನಗೆ ಆಗುವುದು ಸುಳ್ಳು ಆಪರೇಷನ್ ಇರಬಹುದು, ಅದರಿಂದ ಮಂಡಿಗೆ ಏನೂ ಪ್ರಯೋಜನ ಆಗುವುದಿಲ್ಲ ಎಂದು, ಅವರ ಕೈಯಲ್ಲೇ. ನಮ್ಮವರು ಅತ್ತೆಯಿಂದ ಬರೆಸಿಕೊಂಡಿದ್ದು ಇಎಂಐ ಫಾರಂ.