ಡಿಗ್ರಿ ಮುಗೀತು, ಇನ್ನೂ ಯಾಕೆ ಹಗ್ಗ? | ಭಾಗ 3

ನಮ್ಮ ಅನ್ನಪೂರ್ಣೇಶ್ವರಿ ನಗರದ ಹುಡುಗಿ ಸೆಂಟ್ರಲ್ ಕಾಲೇಜು ಕಡೆ ಡಿಗ್ರಿ ಮುಗಿಸಿ, ಪಿಜಿಗೆ ಮನೆ ಹತ್ರದ ಜ್ಞಾನಭಾರತಿಗೆ ಬಂದ್ಲು ಅಂತಿಟ್ಕೊಳ್ಳಿ. ಊರು ಅದೇ, ಕಬಡ್ಡಿ ಅದೇ. ಕಾಗದದಲ್ಲಿ ಮಾತ್ರ ವಿವಿ ಬೇರೆ, ಯಾಕಂದ್ರೆ 2017ರಲ್ಲಿ ಬೆಂಗಳೂರು ವಿವಿ ಮೂರಾಯ್ತು. ಕಚೇರಿಯ ಗೆರೆ ಅಂಗಳಕ್ಕೆ ಯಾಕೆ ಬರಬೇಕು?

"ನಾವು ಬೆಳೆಸಿದ್ವಿ, ದುಡ್ಡಿರೋ ವಿವಿ ಎಳ್ಕೊಂಡು ಹೋಗುತ್ತೆ" ಅಂತಾರೆ. ಮಾತಲ್ಲಿ ಸತ್ಯ ಇದೆ. ಆದ್ರೆ ಡಿಗ್ರಿ ಮುಗಿಸಿದವಳು ಕಾಲೇಜಿನ ಋಣ ತೀರಿಸಿಯೇ ಹೊರಟಿದ್ದಾಳೆ. ಕೋಚ್ ಕೆಲಸ ಬದಲಿಸಿದ್ರೆ ಒಂದು ವರ್ಷ ಮನೇಲಿ ಕೂರಿ ಅಂತೀವಾ?

ಅಮೆರಿಕ ನೋಡಿ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿಗ್ರಿ ನಡುವೆ ಕಾಲೇಜು ಬದಲಿಸಿದವರನ್ನ ಎನ್‌ಸಿಎಎ ಒಂದು ವರ್ಷ ಕೂರಿಸ್ತಿತ್ತು. ಆಗಲೂ ಡಿಗ್ರಿ ಮುಗಿಸಿದವರಿಗೆ ವಿನಾಯಿತಿ ಇತ್ತು. 2021ರಲ್ಲಿ ಮೊದಲ ಬದಲಾವಣೆಗೆ ಆ ಶಿಕ್ಷೆ ಹೋಯ್ತು. ವಿಷಯ ಕೋರ್ಟಿಗೆ ಹೋದ ಮೇಲೆ, 2024ರಲ್ಲಿ, ಓದು ಸರಿಯಿದ್ರೆ ಎಷ್ಟು ಸಲ ಬೇಕಾದ್ರೂ ಬದಲಿಸಿ ಅಂದ್ರು.

ಇಲ್ಲಿ ಅಂತರ ವಿವಿ ಕ್ರೀಡೆಗೆ ವಯಸ್ಸಿನ ಮಿತಿ ಇದೆ. ಹೋದ ಸೀಸನ್ ವಾಪಸ್ ಬರಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಕೆಲಸಕ್ಕೆ ಅದೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತೆ. ಅಂದ್ರೆ ಹೋಗೋದು ಬರೀ ಆಟ ಅಲ್ಲ, ಅನ್ನ.

ಕೇಳೋದು ಇಷ್ಟೇ:
👉 ಪಿಜಿ ಸೇರಿದವರು ಅದೇ ವರ್ಷ ಆಡಲಿ.
👉 ನಿಯಮ ಅಡ್ಮಿಷನ್ ಫಾರ್ಮ್ ಜೊತೆಗೇ ಕನ್ನಡದಲ್ಲಿ ಸಿಗಲಿ.
👉 ಎನ್‌ಒಸಿಗೆ ಯಾರನ್ನೂ ಅಲೆಸಬೇಡಿ.

ನಿಮ್ಮ ಮನೇಲಿ ಆಟಗಾರರಿದ್ರೆ, ಫೀಸ್ ಕಟ್ಟೋ ಮುಂಚೆ ದೈಹಿಕ ಶಿಕ್ಷಣ ನಿರ್ದೇಶಕರನ್ನ ಕೇಳಿ: "ಈ ವರ್ಷ ಆಡಬಹುದಾ?" ಉತ್ತರ ಬರಹದಲ್ಲೇ ತಗೊಳ್ಳಿ.

#ಆಟಗಾರರಹಕ್ಕು #ಅನ್ನಪೂರ್ಣೇಶ್ವರಿನಗರ